ದಾಗ್ನಿಯ ಹೊಸ ಈಜುಡುಗೆ

ದಾಲ್ವಿಕ್
ಏಪ್ರಿಲ್ ೨೩, ಬೇಸಿಗೆಯ ಮೊದಲ ದಿನ

ಪ್ರೀತಿಯ ಸೋಲ್ರುನ್,

ಹೇಗಿದ್ದೀಯ ಮಗಳೇ? ಕೈ ನಡುಕ ಕಡಿಮೆಯಾಯಿತೇ? ನಿದ್ದೆ ಬರುತ್ತಿದೆಯೇ? ಊಟ ರುಚಿಸುತ್ತಿದೆ ಎಂದು ಬರೆದಿದ್ದೆಯಲ್ಲ, ಆ ಸಾಲನ್ನು ಎರಡು ಸಲ ಓದಿದೆ. ಕುಡಿತ ಬಿಡಿಸುವ ಆ ಮನೆಯಲ್ಲಿ ಫೋನು ಮುಟ್ಟುವಂತಿಲ್ಲ ಎಂಬುದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೇ ಜಗಳಕ್ಕೆ ಬೀಳುವವರು. ನನ್ನ ಮಂಡಿನೋವು ಇದ್ದ ಹಾಗೇ ಇದೆ, ಅದರ ವಿಷಯ ಬಿಡು. ಇಲ್ಲಿ ಕ್ಯಾಲೆಂಡರಿನ ಪ್ರಕಾರ ಬೇಸಿಗೆ ಬಂದಿದೆ, ಅಂದರೆ ಬೆಳಗ್ಗೆಯಿಂದ ಹಿಮ ಬೀಳುತ್ತಿದೆ. ಪಕ್ಕದ ಮನೆಯ ಗುಡ್ನಿ ಪ್ಯಾನ್‌ಕೇಕ್ ಮಾಡಿ ತಂದುಕೊಟ್ಟಳು, ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ಈ ದಿನ ಮಕ್ಕಳಿಗೆ ಉಡುಗೊರೆ ಕೊಡಬೇಕಲ್ಲ, ಅಜ್ಜನಾಗಿ ದಾಗ್ನಿಗೆ ಹೊಸ ಈಜುಡುಗೆ ಕೊಡಿಸೋಣ ಎಂದುಕೊಂಡೆ. ಜನವರಿಯಲ್ಲಿ ನೀನು ಹೊರಡುವ ಹಿಂದಿನ ದಿನ ತಂದ ಹಳದಿ ಬಣ್ಣದ್ದು, ಸೊಂಟಕ್ಕೆ ನೆರಿಗೆ ಇರುವುದು, ನೆನಪಿದೆಯೇ? ಆಗಲೇ ನನ್ನ ಬಾಯಿ ತುರಿಸಿತ್ತು. ಹೊರಟು ನಿಂತವಳ ಹತ್ತಿರ ಬಟ್ಟೆಯ ಮಾತೇಕೆ ಎಂದು ಸುಮ್ಮನಾದೆ. ಮೂವತ್ತೊಂದು ವರ್ಷ ಈಜುಕೊಳದ ದಂಡೆಯಲ್ಲಿ ಕಾವಲು ಕಾದವನು ನಾನು. ಅಂಥವು ರಜೆಯಲ್ಲಿ ನಾಲ್ಕು ದಿನ ಸಮುದ್ರತೀರದಲ್ಲಿ ಹಾಕಿಕೊಳ್ಳಲು ಸರಿ. ಶಾಲೆಯ ಈಜು, ಕ್ಲಬ್ಬಿನ ಈಜು, ನನ್ನ ಜೊತೆಗಿನ ಈಜು ಎಂದು ವಾರಕ್ಕೆ ನಾಲ್ಕು ಸಲ ನೀರಿಗಿಳಿಯುವ ಮಗುವಿಗೆ ಅಲ್ಲ. ಎಳೆದರೆ ಹಿಗ್ಗುವ ಆ ದಾರವನ್ನು ಕ್ಲೋರಿನ್ ತಿಂದುಹಾಕುತ್ತದೆ. ಮಾರ್ಚ್ ಹೊತ್ತಿಗೆ ಕುಂಡೆಯ ಹತ್ತಿರ ಜೋತುಬಿದ್ದು, ಬೆಳಕಿಗೆ ಮೈ ಕಾಣುವಷ್ಟು ತೆಳುವಾಯಿತು. ಸ್ನಾನದ ಕೋಣೆಯಲ್ಲಿ ಹುಡುಗಿಯರು ನಕ್ಕರಂತೆ. ಈಜು ಕಲಿಸುವ ಹಿಲ್ಡಿಗುನ್ನುರ್ ನನ್ನನ್ನು ಪಕ್ಕಕ್ಕೆ ಕರೆದು, "ಎಯ್ನಾರ್, ಆ ಹುಡುಗಿಗೊಂದು ಗಟ್ಟಿ ಬಟ್ಟೆ ತೆಗೆದುಕೊಡು ಮಾರಾಯ, ಹಿಂದಿನಿಂದ ಎಲ್ಲ ಕಾಣ್ತಿದೆ" ಎಂದಳು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ನಾನು ದಾಗ್ನಿಯನ್ನು ಕೂರಿಸಿಕೊಂಡು ಉಪದೇಶ ಮಾಡಿದೆ. ಈಜಿ ಬಂದಮೇಲೆ ತಣ್ಣೀರಲ್ಲಿ ಜಾಲಿಸಬೇಕು, ಬಟ್ಟೆ ಹಿಂಡುವ ಯಂತ್ರಕ್ಕೆ ಹಾಕಬಾರದು, ಕೊಳದ ಪಕ್ಕದ ಬಿಸಿನೀರಿನ ತೊಟ್ಟಿಯಲ್ಲಿ ಹೊತ್ತುಗಟ್ಟಲೆ ಕೂರಬಾರದು, ಶಾಖ ಮತ್ತು ಕ್ಲೋರಿನ್ ಸೇರಿದರೆ ಬಟ್ಟೆ ಹಿಗ್ಗಿಹೋಗುತ್ತದೆ ಎಂದೆ. ಎಂದೂ ಇಲ್ಲದ ಗಮನದಿಂದ ಕೇಳಿಸಿಕೊಂಡಳು. "ಎಷ್ಟು ದೊಡ್ಡದಾಗುತ್ತೆ ಅಜ್ಜ?" ಎಂದು ಕೇಳಿದಳು. ನನ್ನ ಮಾತು ಕೇಳುವವರು ಈ ಮನೆಯಲ್ಲಿ ಒಬ್ಬರಾದರೂ ಹುಟ್ಟಿದರಲ್ಲ ಎಂದು ಹಿಗ್ಗಿದೆ. ಮರುದಿನದಿಂದ ನೋಡು, ದೊಡ್ಡವರೇ ಕೂರಲು ಹೆದರುವ ತೊಟ್ಟಿಗೆ ಇಳಿಯತೊಡಗಿದಳು. ಮುಖ ಬೇಯಿಸಿದ ಸೀಗಡಿಯಂತಾದರೂ ಏಳುವುದಿಲ್ಲ. ನಾನು ಎಳೆದು ಹೊರಗೆ ಹಾಕಿದರೆ ಬಟ್ಟೆಯನ್ನು ಯಂತ್ರಕ್ಕೆ ಒಂದಲ್ಲ, ಎರಡು ಸಲ ಹಾಕುತ್ತಾಳೆ. ತಾಯಿಯ ಮಗಳೇ ಸರಿ, ಹೇಳಿದ್ದಕ್ಕೆ ತಿರುಗಾಮುರುಗಾ ಮಾಡುತ್ತಾಳೆ ಎಂದುಕೊಂಡು ಎಲ್ಲರೆದುರಿಗೇ ಬೈದೆ. ಅವಳು ಅಳಲಿಲ್ಲ, ಮಾರನೆಯ ಸಲ ಮತ್ತೆ ಅದೇ ತೊಟ್ಟಿಗೆ ಇಳಿದಳು.

ನಿನ್ನೆ ಅವಳನ್ನು ಅಕುರೇರಿ ಪೇಟೆಯ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವಳು ನಮ್ಮೂರಿನವಳೇ. "ಓಡಬೇಡ ಅಂತ ದಿನಾ ಸೀಟಿ ಊದ್ತಿದ್ರಲ್ಲ, ಇನ್ನೂ ಕಿವೀಲಿದೆ" ಎಂದು ನಕ್ಕಳು. ನಾನು ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳಿಂದ ಎಳೆದು, ಹೊಲಿಗೆಯನ್ನು ತಿರುವಿ ನೋಡಿದೆ. ಕೊನೆಗೆ ಮನಸ್ಸಿಗೆ ಬಂದದ್ದು ಒಂದು ಕಡುನೀಲಿ. ಪೂರ್ತಿ ಪಾಲಿಯೆಸ್ಟರ್, ಹಿಗ್ಗುವ ದಾರ ಒಂದೆಳೆಯೂ ಇಲ್ಲ, ಮುಂದೆ ಒಳಬಟ್ಟೆ, ಬೆನ್ನ ಮೇಲೆ ಅಗಲವಾದ ಪಟ್ಟಿಗಳು. ದಾಗ್ನಿ ಹಾಕಿಕೊಂಡು ಬಂದಳು. ಚೆನ್ನಾಗಿಯೇ ಕಂಡಳು, ಚಿಕ್ಕಂದಿನ ನಿನ್ನ ಹಾಗೆ. ಅಂಗಡಿಯವಳು, "ಎರಡು ಚಳಿಗಾಲ ದಿನಾ ಈಜಲಿ, ಒಂದು ಚೂರೂ ಸಡಿಲ ಆಗಲ್ಲ" ಎಂದಳು. ಅಷ್ಟೇ. ದಾಗ್ನಿ ಒಳಗೆ ಹೋಗಿ ಬಿಚ್ಚಿ ತಂದು ಕೊಟ್ಟು, "ನಂಗೆ ಸಡಿಲ ಆಗೋದೇ ಬೇಕು" ಎಂದಳು. ಏಕೆಂದು ಕೇಳಿದರೆ ಬಾಯಿ ಬಿಡಳು. ನನಗೆ ಸಿಟ್ಟು ನೆತ್ತಿಗೇರಿತು. ಹಠಮಾರಿ ಎಂದೆ, ಇನ್ನೂ ಏನೇನೋ ಅಂದೆ. ಕೈ ಹಿಡಿದು ಕಾರಿಗೆ ಕರೆತಂದೆ.

ಕಾರಿನಲ್ಲಿ ಒಣಮೀನು, ಬೆಣ್ಣೆ ಕೊಟ್ಟೆ. ಮುಟ್ಟಲಿಲ್ಲ. ಆಮೇಲೆ ತಾನಾಗಿಯೇ ಹೇಳಿದಳು. ಹಳದಿ ಬಟ್ಟೆ ಕೊಡುವಾಗ ನೀನು ಅವಳಿಗೊಂದು ಮಾತು ಕೊಟ್ಟಿದ್ದೆಯಂತೆ: "ಇದು ನಿನಗೆ ಚಿಕ್ಕದಾಗೋ ಮುಂಚೆ ನಾನು ಮನೇಲಿರ್ತೀನಿ." ನಿನಗೆ ಅದು ನೆನಪಿದೆಯೋ ಇಲ್ಲವೋ. "ಜೋತುಬಿದ್ರೆ ಅದು ಚಿಕ್ಕದೇ ಆಗಲ್ವಲ್ಲ ಅಜ್ಜ. ಆಗ ಅಮ್ಮ ಮಾತು ತಪ್ಪಿದ ಹಾಗಾಗಲ್ಲ" ಎಂದಳು.

ನಾನು ಕಾರಿನ ಕೀಲಿಯನ್ನು ತೆಗೆದು ಮತ್ತೆ ಕಿಸೆಗೆ ಹಾಕಿದೆ. ಸೋಲ್ರುನ್, ಏಳು ವರ್ಷದ ಮಗು ನಿನ್ನ ಮಾತು ಉಳಿಸಲು ಸುಡುವ ನೀರಿನಲ್ಲಿ ಕೂತಿತ್ತು, ನಾನು ದಂಡೆಯ ಮೇಲೆ ನಿಂತು ಬೈಯುತ್ತಿದ್ದೆ. ನನಗೆ ನಾಚಿಕೆಯಾಯಿತು. ನಿನ್ನ ಮೇಲೆ ಕೋಪವೂ ಬಂತು, ಬರಲಿಲ್ಲವೆಂದು ಸುಳ್ಳು ಬರೆಯಲಾರೆ. ಆರು ವಾರ ಎಂದು ಹೋದವಳು ನೀನು. ನಡುವೆ ಒಮ್ಮೆ ಬಿಟ್ಟು ಹೊರಗೆ ಹೋದೆ, ಮತ್ತೆ ನೀನಾಗಿಯೇ ಹೋಗಿ ಸೇರಿದೆ. ಹಾಗೆ ವಾಪಸು ಹೋದದ್ದಕ್ಕೆ ನನಗೆ ನಿನ್ನ ಮೇಲೆ ಎಷ್ಟು ಹೆಮ್ಮೆ ಎಂದು ಈವರೆಗೆ ಹೇಳಿಲ್ಲ, ಈಗ ಹೇಳುತ್ತಿದ್ದೇನೆ. ಆದರೆ ಕಳೆದ ಪತ್ರದಲ್ಲಿ, ಜೂನ್‌ನಲ್ಲಿ ಅಲ್ಲಿಂದ ಬಿಟ್ಟಮೇಲೆ ಚಳಿಗಾಲದವರೆಗೆ ರೇಕ್ಯಾವಿಕ್‌ನಲ್ಲೇ ಗೆಳತಿಯ ಮನೆಯಲ್ಲಿರುತ್ತೇನೆ, ದಾಗ್ನಿಗೆ ನೀನೇ ಹೇಳಿಬಿಡು ಅಪ್ಪ ಎಂದು ಬರೆದಿದ್ದೀಯ. ನಾನು ಹೇಳಿಲ್ಲ. ನನ್ನಿಂದ ಆಗುವುದೂ ಇಲ್ಲ. ಅರ್ಧ ಗುಣವಾಗಿ ಓಡಿ ಬಾ ಎನ್ನುತ್ತಿಲ್ಲ. ವೈದ್ಯರು ಇರು ಎನ್ನುವಷ್ಟು ದಿನ ಅಲ್ಲಿರು. ಆಮೇಲೆ ನಮಗೆ ಮುಖ ತೋರಿಸಲು ಹೆದರಿ ದೂರ ಉಳಿಯುವುದಾದರೆ, ಅದು ಬೇಡ. ಈ ಊರಿನಲ್ಲಿ ಯಾರೇನು ಅಂದರೂ ಮೊದಲು ನನಗೆ ಅನ್ನಲಿ.

ಹೊತ್ತಿಗೆ ಸರಿಯಾಗಿ ಉಣ್ಣು, ಬೆಚ್ಚಗಿರು. ದೇವರು ನಿನ್ನ ಕೈ ಬಿಡದಿರಲಿ, ನಾನಂತೂ ಬಿಡುವುದಿಲ್ಲ.

ನಿನ್ನ ಅಪ್ಪ,
ಎಯ್ನಾರ್

ಮರೆತಿದ್ದೆ: ನಿನ್ನೆ ಮತ್ತೆ ಒಳಗೆ ಹೋಗಿ ಆ ನೀಲಿಯನ್ನೇ ತೆಗೆದುಕೊಂಡೆವು. ದಾಗ್ನಿ ಒಂದು ಕರಾರಿನ ಮೇಲೆ ಒಪ್ಪಿದಳು, ಅದನ್ನು ನಿನಗೆ ಬರೆಯಲೇಬೇಕಂತೆ: ಹಳದಿ ಇನ್ನೂ ಚಿಕ್ಕದಾಗಿಲ್ಲ, ತೆಳುವಾಯಿತಷ್ಟೇ, ನೀನಿನ್ನೂ ಮಾತು ತಪ್ಪಿಲ್ಲ, ಆ ಮಾತು ಈಗ ನೀಲಿಗೆ ಸೇರಿದ್ದು. ಬೆಳೆಯುವ ಮಕ್ಕಳಿಗೆ ಹೆಗಲಲ್ಲಿ ಎರಡು ಬೆರಳು ಜಾಗ ಬಿಟ್ಟು ಕೊಳ್ಳಿ ಎಂದು ಮೂವತ್ತೊಂದು ವರ್ಷ ಊರಿಗೆಲ್ಲ ಹೇಳಿದವನು ನಾನು. ಅಂಗಡಿಯವಳು ಒಂದಳತೆ ದೊಡ್ಡದನ್ನೇ ತಂದಳು. "ದೊಡ್ಡದು ಬೇಡ, ಅಮ್ಮ ಬರೋದು ತಡ ಆಗತ್ತೆ" ಎಂದಳು ದಾಗ್ನಿ, ನಾನೂ ಬೇಡವೆಂದೆ. ಇವತ್ತಿನ ಮೈಗೆ ಸರಿಯಾದದ್ದನ್ನೇ ತಂದಿದ್ದೇವೆ, ಪಟ್ಟಿಯ ಕೆಳಗೆ ಒಂದು ಬೆರಳೂ ತೂರುವುದಿಲ್ಲ. ಬೇಸಿಗೆ ಮುಗಿಯುವುದರೊಳಗೆ ಬಿಗಿಯಾಗುತ್ತದೆ ಎಂದು ಅಂಗಡಿಯವಳು ಎಚ್ಚರಿಸಿದಳು. ಇದು ಹಿಗ್ಗುವ ಬಟ್ಟೆಯಲ್ಲ, ಮಗಳೇ.