ನಿಮ್ಮಪ್ಪನಿಗೊಂದು ಟಬ್ಬು

ಶಹಾಬಾದ್
ಗುರುವಾರ, ಮಧ್ಯಾಹ್ನ

ಪ್ರೀತಿಯ ಮಗಳು ಶಿವಗಂಗಾಗೆ,

ನಿನ್ನ ಅವ್ವ ಗುರುದೇವಿ ಮಾಡುವ ಆಶೀರ್ವಾದಗಳು.

ಮೊಬೈಲಿನ ಕಾಲದಲ್ಲಿ ಅವ್ವ ಕಾಗದ ಬರೆದಳೆಂದು ನಗಬೇಡ. ಮೊಬೈಲು ನಿಮ್ಮಪ್ಪನ ದಿಂಬಿನ ಪಕ್ಕದಲ್ಲೇ ಇರುತ್ತದೆ, ಅವರ ಕಿವಿಯೂ ಚುರುಕು. ಅವರಿಗೆ ಕೇಳಿಸದಂತೆ ಹೇಳಬೇಕಾದ ಮಾತಿದೆ. ಪಕ್ಕದ ಮನೆಯ ನಗ್ಮಾ ನಾಳೆ ಬೆಳಿಗ್ಗೆ ಚಿಂಚೋಳಿಗೆ ಹೊರಟಿದ್ದಾಳೆ. ಚಿಮ್ಮನಚೋಡದಲ್ಲಿ ನೀನು ಕಲಿಸುವ ಶಾಲೆಗೇ ಬಂದು ಇದನ್ನು ನಿನ್ನ ಕೈಯಲ್ಲಿ ಕೊಡುತ್ತಾಳೆ.

ಮೊದಲು ಟಬ್ಬಿನ ಸುದ್ದಿ. ಹಳೆಯದು ತಳದಲ್ಲಿ ಸೀಳಿ ಹೋಯಿತು. ಕಲ್ಲಿನ ಪಾಲಿಶ್ ಮಷೀನಿನ ಮುಂದೆ ಬಗ್ಗಿ ಬಗ್ಗಿಯೇ ಸವೆದ ಬೆನ್ನು ನಿಮ್ಮಪ್ಪನದು. ಸಂಜೆ ಬಿಸಿನೀರಿನಲ್ಲಿ ಕೂತೆದ್ದರಷ್ಟೇ ಊಟಕ್ಕೆ ನೆಟ್ಟಗೆ ಕೂಡುತ್ತಿದ್ದರು. ಟಬ್ಬು ಹೋದಾಗಿನಿಂದ ಇನ್ನೊಂದು ಬೇಕೇ ಬೇಕೆಂಬ ಹಟ. ಚಿತ್ತಾಪುರದ ಅಂಗಡಿಯಲ್ಲಿ ಗಾಳಿ ತುಂಬುವ ಟಬ್ಬು ನೋಡಿದೆವು. ಗುಂಡಿ ಒತ್ತಿದರೆ ನೀರೇ ಬೆನ್ನು ತಿಕ್ಕುತ್ತದಂತೆ. ಬೆಲೆ ಕೇಳಿ ನಿಮ್ಮಪ್ಪ ಅದಕ್ಕೆ ಕೈಮುಗಿದು ಹೊರಗೆ ಬಂದರು. ಅವರ ಜೊತೆಗಾರ ಕಲ್ಯಾಣಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿನ ತೊಟ್ಟಿ ಕಟ್ಟಿಕೊಡುತ್ತೇನೆಂದ. "ಕಲ್ಲು ಮೊದಲ ತಾ ಬಿಸಿ ಕುಡೀತದ, ಉಳಿದದ್ದು ನಮಗ ಕೊಡ್ತದ, ಬ್ಯಾಡ" ಎಂದರು ನಿಮ್ಮಪ್ಪ. ಕೊನೆಗೆ ಮೊನ್ನೆ ವಾಡಿಗೆ ಹೋಗಿ ಲಾಲ್ ಅಹ್ಮದನ ಗುಜರಿ ಅಂಗಡಿಯಲ್ಲಿ ಹಳದಿ ತಿರುಗಿದ ಫೈಬರ್ ಟಬ್ಬೊಂದನ್ನು ಒಪ್ಪಿದರು. ಯಾವುದೋ ಹಳೆಯ ಲಾಡ್ಜು ಕೆಡವಿದಾಗ ಬಂದದ್ದಂತೆ. ನಮ್ಮ ಕೈಗೆಟಕುವುದು ಅದೊಂದೇ.

ಸೋರುತ್ತದೋ ಏನೋ ನೋಡಬೇಕಲ್ಲ. ಲಾಲ್ ಅಹ್ಮದನ ಹೆಂಡತಿ ಕಮರುನ್ನೀಸಾ ಒಲೆಯ ಮೇಲಿದ್ದ ನೀರನ್ನು ತಂದು ಟಬ್ಬಿಗೆ ಸುರಿದಳು. ಹಬೆ ಏಳುತ್ತಿತ್ತು. ಬೆರೆಸಲು ತಣ್ಣೀರು ತರಲು ಅವಳು ಒಳಗೆ ಹೋಗಿದ್ದಷ್ಟೇ, ನಿಮ್ಮಪ್ಪ ಗೋಡೆ ಹಿಡಿದು ಎಡಗಾಲು ಇಳಿಸಿಬಿಟ್ಟರು. ಇಳಿಸಿ, ಹಾಗೇ ನಿಂತರು. "ಇನ್ನಷ್ಟು ಬಿಸಿ ಹಾಕ್ರಿ, ಇದೇನು ಬೆಚ್ಚಗ ಸೈತ ಆಗಿಲ್ಲ" ಎಂದರು.

ಲಾಲ್ ಅಹ್ಮದ ಚಪ್ಪಾಳೆ ತಟ್ಟಿ, "ಪಾಲಿಶ್ ಮಂದಿ ಕಾಲಂದ್ರ ಹಿಂಗಿರಬೇಕು ನೋಡ್ರಿ!" ಎಂದ. ನಾನೂ ನಕ್ಕೆ. ನಿನಗೆ ಗೊತ್ತಲ್ಲ ಇವರ ಬಡಾಯಿ. ಬೇಸಿಗೆಯಲ್ಲಿ ಕಾದ ಫರಸಿಯ ಮೇಲೆ ಬರಿಗಾಲಲ್ಲಿ ಯಾರು ಹೆಚ್ಚು ಹೊತ್ತು ನಿಲ್ಲುತ್ತಾರೆಂದು ಪಂದ್ಯ ಕಟ್ಟುವ ಜನ. ಅಂಗಾಲು ಜಡ್ಡುಗಟ್ಟಿದಷ್ಟೂ ಮೀಸೆ ತಿರುವುತ್ತಾರೆ. ನೀರಿನಲ್ಲಿ ಬೇವಿನ ಎಲೆಯೊಂದು ಬಿದ್ದಿತ್ತು, ತೆಗೆಯಲೆಂದು ಕೈ ಹಾಕಿದೆ. ಚೀರಿಬಿಟ್ಟೆ ಶಿವಗಂಗಾ. ಬೆರಳು ಸುಟ್ಟು ಕೆಂಪಾದವು. ಅವರ ಕಾಲು ಮಾತ್ರ ಇನ್ನೂ ನೀರಿನಲ್ಲೇ ಇತ್ತು. ಬರೀ ಅಂಗಾಲಲ್ಲ, ಜಡ್ಡಿನ ಸುಳಿವೇ ಇಲ್ಲದ ಮೀನಖಂಡವೂ ಮುಳುಗಿತ್ತು. ನಾನೇ ಎಳೆದು ತೆಗೆದೆ.

ಮನೆಗೆ ಬರುವಷ್ಟರಲ್ಲಿ ಕಾಲ ತುಂಬ ಗುಳ್ಳೆ. ಯಾರದೋ ಕಾಲು ನೋಡುವ ಹಾಗೆ ನೋಡಿ, "ಇವು ಯಾವಾಗ ಬಂದವು?" ಎಂದು ಕೇಳಿದರು.

ಬೆನ್ನಿನಿಂದ ಎಡಗಾಲಿಗೆ ಇಳಿಯುತ್ತಿದ್ದ ಸೆಳೆತ ನಿಂತಿದೆ ಎಂದು ಅವರು ಹೇಳಿದಾಗ ನಾನು ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದ್ದೆ. ಬೆನ್ನು ತೋರಿಸಿದ್ದ ಕಲಬುರಗಿಯ ಡಾಕ್ಟರು ಮೊದಲೇ ಹೇಳಿದ್ದರು: "ನೋವು ಇದ್ದರ ಅಂಜಬ್ಯಾಡ್ರಿ. ಕಾಲು ಜೋಮು ಹಿಡಿದು, ಮುಟ್ಟಿದ್ದು ತಿಳೀಲಿಲ್ಲಂದ್ರ ಮಾತ್ರ ಅವತ್ತೇ ಬರ್ರಿ." ಆ ಮಾತು ಈಗ ಕಿವಿ ಬಿಟ್ಟು ಹೋಗುತ್ತಿಲ್ಲ. ನಿನ್ನೆ ಊಟ ಮಾಡಿ ಅವರು ಮಲಗಿದ್ದಾಗ ತಲೆಯ ಪಿನ್ನು ತೆಗೆದು ಎಡ ಅಂಗಾಲಿಗೆ, ಹಿಮ್ಮಡಿಗೆ, ಕಾಲ ಬೆರಳ ಸಂದಿಗೆ ಚುಚ್ಚಿ ನೋಡಿದೆ. ಕಾಲು ಅಲುಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಅವರಿಗೆ ಹೇಳಲು ನನಗೆ ಧೈರ್ಯವಿಲ್ಲ. ದವಾಖಾನೆಗೆ ಹೋಗೋಣವೆಂದರೆ, "ನೋವೇ ಇಲ್ಲ, ಯಾಕ ಹೋಗಬೇಕು?" ಎನ್ನುತ್ತಾರೆ. ಆಪರೇಷನ್ ಎಂದುಬಿಟ್ಟರೆ ಎಂದು ನನಗೂ ಭಯ. ಹೋಗದಿದ್ದರೆ ಏನಾದೀತೋ ಎಂದು ಅದಕ್ಕಿಂತ ಹೆಚ್ಚಿನ ಭಯ. ಟಬ್ಬು ಯಾವಾಗ ಬರುತ್ತದೆ ಎಂದು ಗಳಿಗೆಗೊಮ್ಮೆ ಕೇಳುತ್ತಾರೆ. ಲಾಲ್ ಅಹ್ಮದನ ಟೆಂಪೋ ಕೆಟ್ಟಿದೆಯೆಂದು ಸುಳ್ಳು ಹೇಳಿದ್ದೇನೆ. ಬಂದರೆ ಅದರಲ್ಲಿ ಕೂತು ಇನ್ನೂ ಬಿಸಿ ಹಾಕು ಎಂದಾರು, ನಾನು ಹಾಕಿಯೇನು.

ನಾಳೆ ಈ ಕಾಗದ ಸಿಕ್ಕ ಕೂಡಲೆ ರಜೆ ಹಾಕಿ ಹೊರಟು ಬಾ. ಸುಮ್ಮನೆ ನೋಡಲು ಬಂದೆ ಎನ್ನು. ನಿನ್ನ ಮಾತನ್ನು ಅವರು ತೆಗೆದುಹಾಕುವುದಿಲ್ಲ. ನಾನು ಇದನ್ನು ಬರೆದೆನೆಂದು ಮಾತ್ರ ಅವರಿಗೆ ಗೊತ್ತಾಗಬಾರದು.

ನಿನ್ನ ದಾರಿ ಕಾಯುವ
ಅವ್ವ

ತಾ.ಕ.: ಶಿವಗಂಗಾ, ನಾನು ಅಪ್ಪ. ನಿಮ್ಮವ್ವ ಇದನ್ನು ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟು ಹಾಲು ತರಲು ಹೋಗಿದ್ದಾಳೆ. ವಾಡಿಯಲ್ಲಿ ಅವಳ ಬೆರಳು ಕೆಂಪಾದದ್ದನ್ನು ಕಂಡಾಗಲೇ ನನ್ನ ಕಾಲಿಗೆ ಸ್ಪರ್ಶ ಹೋಗಿದೆಯೆಂದು ನನಗೆ ತಿಳಿಯಿತು. ಆಮೇಲೂ ಟಬ್ಬಿನ ಹಟ ಹಿಡಿದಷ್ಟು ದಿನ ನನಗಿರುವುದು ಬರೀ ಬೆನ್ನುನೋವೆಂದು ಅವಳು ನಂಬಿರುತ್ತಾಳೆ ಅಂದುಕೊಂಡಿದ್ದೆ. ಅವಳು ಪಿನ್ನು ಹಿಡಿದು ಕೂತಾಗ ನನಗೆ ನಿದ್ದೆ ಬಂದಿರಲಿಲ್ಲ. ಕಣ್ಣು ಮುಚ್ಚಿ, ಈಗ ಚುಚ್ಚಿಯಾಳು, ಈಗ ಚುಚ್ಚಿಯಾಳು ಎಂದು ಕಾಯುತ್ತಿದ್ದೆ. ಅವಳು ಅಳುವುದು ಕೇಳಿದಾಗ, ಚುಚ್ಚಿ ಆಯಿತೆಂದು ಗೊತ್ತಾಯಿತು. ಇವತ್ತು ಬೆಳಿಗ್ಗೆಯಿಂದ ಬಲಗಾಲೂ ಹಾಗೇ ಆಗಿದೆ. ಚಪ್ಪಲಿ ಕಾಲಲ್ಲಿದೆಯೋ ಇಲ್ಲವೋ ಬಗ್ಗಿ ನೋಡಿಯೇ ತಿಳಿಯಬೇಕು. ಇದನ್ನು ಅವಳಿಗೆ ಹೇಳಿಲ್ಲ. ಫೋನಿನಲ್ಲಿ ಬಾಯಿಬಿಟ್ಟು ಹೇಳುವುದು ನನ್ನಿಂದಾಗದು, ಅದಕ್ಕೇ ಈ ಹಾಳೆಗಳ ಫೋಟೋ ತೆಗೆದು ಮೊಬೈಲಿನಲ್ಲಿ ಕಳಿಸುತ್ತಿದ್ದೇನೆ. ನಗ್ಮಾಳ ಬಸ್ಸು ಬರುವವರೆಗೆ ಕಾಯಬೇಡ. ಯಾವುದಾದರೂ ಗಾಡಿ ಮಾಡಿಕೊಂಡು ಈಗಲೇ ಹೊರಡು. ನನಗೆ ಭಾಳ ಅಂಜಿಕೆ ಆಗಿದೆ, ಮಗಾ.