ಕುಲುಮೆಯ ಹತ್ತಿ

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಪ್ಪನಿಗೆ,

ನಿನ್ನ ಮಗಳು ಬದುಕಿದ್ದಾಳೆ, ನಿನ್ನನ್ನು ಮರೆತೂ ಇಲ್ಲ. ಎರಡು ಕಾಗದಕ್ಕೆ ಉತ್ತರ ಬಾಕಿ ಇದೆ, ಬೈಯಬೇಡ. ಪುಟ್ಟಿ ಅಂಬೆಗಾಲಿಡುತ್ತಿದ್ದಾಳೆ, ನಿದ್ದೆ ಎನ್ನುವುದು ನನಗೆ ಬರೀ ಕೇಳಿ ಗೊತ್ತಿರುವ ಪದಾರ್ಥವಾಗಿದೆ. ಕಾಲಿನಿಂದ ತೊಟ್ಟಿಲು ತೂಗುತ್ತಾ ಬರೆಯುತ್ತಿದ್ದೇನೆ, ಅಕ್ಷರ ಓಲಾಡಿದರೆ ತೊಟ್ಟಿಲಿನ ತಪ್ಪು.

ನಿನ್ನ ಅಳಿಯ ಹಿಂದಿನ ಜಗುಲಿಯಲ್ಲಿ ಕುಲುಮೆ ಕಟ್ಟುತ್ತಿದ್ದಾರೆ. ಎರಕದ ಕಾರ್ಖಾನೆ ಮುಚ್ಚಿತಲ್ಲ, ಹಿತ್ತಾಳೆಯ ಬಾಗಿಲ ಹಿಡಿಗಳನ್ನು ಮನೆಯಲ್ಲೇ ಎರೆಯುತ್ತಾರಂತೆ. ಹಳೇ ಡ್ರಮ್ಮು ಕತ್ತರಿಸಿ, ಒಳಗೆ ಬಿಸಿ ತಾಳುವ ಬಿಳಿ ಹಾಸನ್ನು ಎರಡು ಸುತ್ತು ಸುತ್ತಿದ್ದಾರೆ. ನೋಡಲು ಹತ್ತಿಯಷ್ಟು ಮೆತ್ತಗೆ. ಆದರೆ ಅದು ಗಾಜಿನಂಥ ಸಣ್ಣ ಸಣ್ಣ ಎಳೆ. ಮುಟ್ಟಿದರೆ ನವೆ, ಉಸಿರಿನಲ್ಲಿ ಒಳಗೆ ಹೋದರೆ ಸುಲಭಕ್ಕೆ ಹೊರಬರುವುದಿಲ್ಲ. ಮೇಲೆ ಬೆಂಕಿ ತಾಳುವ ಮಣ್ಣು ಬಳಿದು ಎಳೆಗಳನ್ನು ಕೂರಿಸಬೇಕು ಎಂದು ಚೀಲದ ಮೇಲೇ ಬರೆದಿದೆ. "ಮಣ್ಣು ಒಣಗೋವರೆಗೆ ಯಾರು ಕಾಯ್ತಾರೆ? ಭಾನುವಾರ ಹಾಗೇ ಒಂದ್ಸಲ ಹೊತ್ತಿಸಿ ನೋಡ್ತೀನಿ, ಆಮೇಲೆ ಬಳಿದರಾಯ್ತು" ಎನ್ನುತ್ತಾರೆ. ಗಾಳಿ ಊದುವ ಯಂತ್ರದ ಎದುರಿಗೇ ಅಡುಗೆಮನೆಯ ಕಿಟಕಿ. ಕಿಟಕಿಯ ಕೆಳಗೇ ತೊಟ್ಟಿಲು.

ನಿನ್ನೆ ಹಾಸು ಕತ್ತರಿಸಿ ಎದ್ದಾಗ ಇವರ ಮೀಸೆಯೆಲ್ಲ ಬೆಳ್ಳಗೆ. ಪುಟ್ಟಿ ಸರಸರನೆ ಹೋದಳು, ಎತ್ತಿಕೊಳ್ಳಲು ಇವರು ಬಗ್ಗಿದರು. "ಮುಟ್ಟಬೇಡಿ! ಮೊದಲು ಅಂಗಿ ಬಿಚ್ಚಿ!" ಎಂದು ನಾನು ಕಿರುಚಿದ್ದಕ್ಕೆ ಮಗು ಬೆಚ್ಚಿ ಅತ್ತಿತು. ಅತ್ತೆ ಒಳಗಿನಿಂದಲೇ, "ಹುಲಿಗೆ ಹೆದರೋರನ್ನ ಕಂಡಿದೀನಿ, ಹತ್ತಿಗೆ ಹೆದರೋಳನ್ನ ಇವತ್ತೇ ಕಂಡೆ" ಎಂದರು. ಇವರು ಅದೇ ಅಂಗಿಯನ್ನು ಬಿಚ್ಚಿ ಮಗುವಿನ ಬಟ್ಟೆಯ ಬಕೆಟ್ಟಿಗೇ ಹಾಕಹೊರಟಿದ್ದರು. ಕಿತ್ತುಕೊಂಡೆ.

"ಓದಿದೋಳು ಅಂತ ಎಲ್ಲದಕ್ಕೂ ಭಯಾನಾ?" ಇವರು ನಕ್ಕರು. "ಇದೇನು ಕಲ್ನಾರಲ್ಲ ಕಣೇ, ಆಸ್ಬೆಸ್ಟಾಸ್ ಅಲ್ಲ. ನಿಮ್ಮಪ್ಪ ಬಾಯ್ಲರಿಗೆ ಕಲ್ನಾರನ್ನೇ ಸುತ್ತಿ ಸುತ್ತಿ ಮುದುಕರಾದೋರು. ಏನಾಯ್ತು ಹೇಳು? ಗುಂಡುಕಲ್ಲಿನ ಹಾಗಿದಾರೆ!"

ನಾನು ಅಂಗಿಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕಿದೆ. ಇವರು ಗೆದ್ದೆ ಅಂದುಕೊಂಡು ಮೀಸೆ ಒರೆಸಿಕೊಂಡರು.

ಅಪ್ಪ, ನನ್ನ ಮಾತು ಇವರಿಗೆ ಗಾಳಿಗೆ ಸಮ, ನಿನ್ನದು ವೇದವಾಕ್ಯ. ಭಾನುವಾರಕ್ಕೆ ಮೊದಲು ಬಂದುಬಿಡು. ಫೋನಿನಲ್ಲಾದರೆ ನೀನು ನಕ್ಕು ಮಾತು ಹಾರಿಸುತ್ತೀಯ, ಅದಕ್ಕೇ ಈ ಕಾಗದ. ನಿಮ್ಮ ಕಡೆಗೆ ಹೊರಟ ಹಾಲಿನ ವ್ಯಾನಿನವನ ಕೈಯಲ್ಲಿ ಕೊಡುತ್ತಿದ್ದೇನೆ.

ಅಮ್ಮನಿಗೆ ನಮಸ್ಕಾರ ಹೇಳು. ಪುಟ್ಟಿಯ ನೆತ್ತಿಯ ಮೇಲೆ ಸದ್ಯಕ್ಕೆ ಅಲ್ಲಿಂದಲೇ ಕೈಯಿಟ್ಟು ಹರಸು.

ನಿನ್ನ
ಗುಬ್ಬಿ

ಮಡಿಸುವ ಮುಂಚೆ ಇನ್ನೊಂದು ಮಾತು: ಅಮ್ಮ ಬಾಯಿಬಿಟ್ಟಿದ್ದಾಳೆ. ನಿನ್ನದು ನೆಗಡಿಯ ಕೆಮ್ಮಲ್ಲವಂತೆ. ಎದೆಯೊಳಗೆ ಕಲ್ನಾರು ಕೂತಿದೆ ಎಂದು ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದರಂತೆ. "ಗುಬ್ಬಿಗೆ ಹೇಳಬೇಡ, ಅವಳಿಗೆ ಮೊದಲೇ ನಿದ್ದೆಯಿಲ್ಲ" ಅಂದೆಯಂತೆ. ಯಾರಿಗೂ ಹೇಳುವುದಿಲ್ಲ ಎಂದು ಅಮ್ಮ ನನ್ನಿಂದಲೂ ಆಣೆ ಹಾಕಿಸಿಕೊಂಡಿದ್ದಾಳೆ. ನೀನು ಕೆಲಸದಿಂದ ಬಂದೊಡನೆ ನಾನು ಹೆಗಲೇರಿ ನಿನ್ನ ತಲೆಯ ಬಿಳಿ ಎಳೆಗಳನ್ನು ಉಫ್ ಎಂದು ಊದುತ್ತಿದ್ದೆನಲ್ಲ, "ಇನ್ನೊಂದ್ಸಲ ಊದು ಗುಬ್ಬಿ" ಅನ್ನುತ್ತಿದ್ದೆಯಲ್ಲ, ನಮಗಾಗ ಯಾರೂ ಹೇಳಿರಲಿಲ್ಲ. ಈಗ ನೀನು ಬಂದು ಏನೂ ಹೇಳಬೇಕಾಗಿಲ್ಲ. ಕುಲುಮೆಯ ಪಕ್ಕ ಕೂತುಕೋ. ಅಳಿಯನ ಎದುರು ಕೆಮ್ಮು ಬಂದರೆ ತಡೆದುಕೊಳ್ಳಬೇಡ, ಅಷ್ಟೇ.