ಪುಟ್ಟಿಯ ಹಾಲು ಮೈಕ್ರೋವೇವ್‌ನಲ್ಲಿ ಬೇಡ

ರೀ,

ಪುಟ್ಟಿ ಮಲಗಿದ್ದಾಳೆ, ಎಬ್ಬಿಸದೆ ಬೇಕರಿ ಕೆಲಸಕ್ಕೆ ಹೊರಟೆ. ಹತ್ತು ಗಂಟೆಗೆ ಹಾಲು ಕೊಡಿ. ಬಾಟಲಿಯನ್ನು ಮೈಕ್ರೋವೇವ್‌ನಲ್ಲಿ ಮಾತ್ರ ಇಡಬೇಡಿ. ಹೊರಗೆ ಮುಟ್ಟಿದರೆ ಉಗುರುಬೆಚ್ಚಗಿರುತ್ತೆ, ಒಳಗೆ ಹಾಲು ಸುಡುತ್ತಿರುತ್ತೆ. ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ನಿಲ್ಲಿಸಿ, ಚೆನ್ನಾಗಿ ಕುಲುಕಿ, ನಿಮ್ಮ ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ನೋಡಿ.

ನಿಮ್ಮ ಊಟ ಬೇಕಾದರೆ ಮೈಕ್ರೋವೇವ್‌ನಲ್ಲೇ ಬಿಸಿ ಮಾಡಿಕೊಳ್ಳಿ, ಆದರೆ ಸ್ಟೀಲ್ ಡಬ್ಬಿ ಸಮೇತ ಇಡಬೇಡಿ, ಗಾಜಿನ ಬಟ್ಟಲಿಗೆ ಹಾಕಿ.

ನಿನ್ನೆ ಅವಳು ಕಿರುಚಿ ಅತ್ತಾಗ ಹಲ್ಲು ಬರುತ್ತಿದೆ ಅಂದೆನಲ್ಲ, ಅದು ಸುಳ್ಳು. ಆತುರಕ್ಕೆ ನಾನೇ ಹಾಲನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದ್ದೆ. ನಾಲಿಗೆಯ ತುದಿ ಕೆಂಪಾಗಿತ್ತು. ಡಾಕ್ಟರಿಗೆ ತೋರಿಸಿದೆ, ಎರಡು ದಿನದಲ್ಲಿ ವಾಸಿಯಾಗುತ್ತೆ ಅಂದರು. ನಿಮಗೆ ಹೇಳಲು ಬಾಯಿ ಬರಲಿಲ್ಲ.

ಬೈಯುವುದಿದ್ದರೆ ಸಂಜೆ ಬೈಯಿರಿ. ಹಾಲು ಕುಡಿದಳಾ ಅಂತ ಮೊದಲು ಫೋನ್ ಮಾಡಿ.